ಸಣ್ಣ ಏಡಿ, ದೊಡ್ಡ ಏಡಿ

ಶಾರ್ಜಾದಲ್ಲಿ ನಾನು ಕೆಲಸ ಮಾಡುವ ಗೋದಾಮಿನಲ್ಲಿ ಒಂದು ಚಿಕ್ಕ ಊಟದ ಕೋಣೆ ಇದೆ. ಎರಡು ಮೈಕ್ರೋವೇವ್, ಒಂದು ನೀರಿನ ಯಂತ್ರ, ಎಂಟೋ ಹತ್ತೋ ಕುರ್ಚಿ. ರಾತ್ರಿ ಪಾಳಿಯಲ್ಲಿ ಅಲ್ಲಿಗೆ ಹೋದರೆ ಒಂದು ಮೂಲೆಯಲ್ಲಿ ನಮ್ಮ ಮೀನು ಸಾರಿನ ಘಮ, ಇನ್ನೊಂದು ಮೂಲೆಯಲ್ಲಿ ಫಿಲಿಪಿನೊಗಳ ಅಡೋಬೊ ಘಮ. ಒಂದು ರಾತ್ರಿ ಫಿಲಿಪೀನ್ಸ್‌ನ ಪಂಪಾಂಗ ಪ್ರಾಂತ್ಯದ ಗೆಳತಿಯೊಬ್ಬಳು ಫೋನನ್ನು ನನ್ನ ತಟ್ಟೆಯ ಪಕ್ಕ ನಿಲ್ಲಿಸಿ, "ನೋಡು, ನಮ್ಮ ಹುಡುಗರು" ಅಂದಳು. ಎಸ್‌ಬಿ19 ಅನ್ನುವ ಐದು ಜನರ ತಂಡ. ಕುಣಿತ ನೋಡಿ ನಾನು ಅನ್ನ ಕಲಸುವುದನ್ನೇ ಮರೆತೆ. ಹಾಡು ಮುಗಿಯಿತು. ಅವಳು ಕೆಳಗಿದ್ದ ಕಾಮೆಂಟುಗಳನ್ನು ಓದುತ್ತಾ ಹೋದಳು. ಮೊದಲು ನಗುತ್ತಿದ್ದವಳ ಮುಖ ಆಮೇಲೆ ಗಂಟಾಯಿತು. ಕೊರಿಯಾದವರ ನಕಲು, ಇವರಿಗ್ಯಾಕೆ ಇಷ್ಟು ಶೋಕಿ, ಮುಖಕ್ಕೆ ಪೌಡರ್ ಬೇರೆ. ಬರೆದವರೆಲ್ಲ ಅವಳ ದೇಶದವರೇ. ಫೋನನ್ನು ಬೋರಲು ಹಾಕಿ, "ಇಸಿಪ್ ತಲಾಂಕ" ಅಂದಳು.

ಹಾಗಂದರೆ ಏನು ಅಂತ ಕೇಳಿದೆ. "ಏಡಿ ಬುದ್ಧಿ. ಬಕೆಟ್ಟಿನಲ್ಲಿ ಒಂದು ಏಡಿ ಮೇಲೆ ಹತ್ತಿದರೆ ಉಳಿದವು ಕಾಲು ಹಿಡಿದು ಎಳೆಯುತ್ತವೆ. ನಾವು ಫಿಲಿಪಿನೊಗಳು ಹೀಗೇ" ಅಂದಳು. ನನಗೆ ತಡೆಯಲಾಗಲಿಲ್ಲ. "ಅಯ್ಯೋ, ಅದು ನಮ್ಮ ಕತೆ! ಕನ್ನಡಿಗರ ಕತೆ!" ಅಂದೆ. ಪಕ್ಕದ ಮೇಜಿನಲ್ಲಿದ್ದ ತಲಶ್ಶೇರಿಯವನು ಚಮಚ ಕೆಳಗಿಟ್ಟು, ಅದು ಮಲಯಾಳಿಗಳ ಬಗ್ಗೆ ಹುಟ್ಟಿದ ಕತೆ, ಬೇರೆ ಯಾರೂ ಹಕ್ಕು ಹೇಳುವ ಹಾಗಿಲ್ಲ ಅಂದ. ಮೂವರೂ ನಕ್ಕೆವು. ಆದರೆ ಮನೆಗೆ ಬಂದು ಮಲಗಿದ ಮೇಲೆ ಅದೇ ತಲೆಯಲ್ಲಿ ಕೊರೆಯತೊಡಗಿತು. ಮೂರು ಊರಿನವರು, ಮೂರು ಭಾಷೆಯವರು, ಒಂದೇ ಬೈಗುಳವನ್ನು ನಮ್ಮದು ನಮ್ಮದು ಅಂತ ಕಿತ್ತಾಡಿಕೊಂಡು ತಲೆ ಮೇಲೆ ಹೊತ್ತುಕೊಂಡೆವಲ್ಲ, ಯಾಕೆ?

ಮುಚ್ಚಳ ಬೇಡದ ಬುಟ್ಟಿ

ಆ ಕತೆ ನಿಮಗೂ ಗೊತ್ತು. ಬೇರೆ ಬೇರೆ ಊರಿನ ಏಡಿಗಳ ಬುಟ್ಟಿಗಳನ್ನು ಸಾಲಾಗಿ ಇಟ್ಟಿರುತ್ತಾರೆ, ಎಲ್ಲಕ್ಕೂ ಮುಚ್ಚಳ ಇರುತ್ತದೆ, ನಮ್ಮ ಬುಟ್ಟಿಗೆ ಮಾತ್ರ ಇರುವುದಿಲ್ಲ. ಇಲ್ಲಿ ಗಲ್ಫ್‌ನಲ್ಲಿ ರಾಜ್ಯೋತ್ಸವದ ಭಾಷಣಗಳಲ್ಲಿ ಅದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ನಗುತ್ತಾ ಹೇಳುತ್ತಾರೆ, ಕೇಳುವವರು ಚಪ್ಪಾಳೆ ತಟ್ಟುತ್ತಾರೆ. ನಾನೂ ತಟ್ಟಿದ್ದೇನೆ. ಪಕ್ಕದಲ್ಲಿ ಕೂತವರನ್ನು ಓರೆಗಣ್ಣಿನಲ್ಲಿ ನೋಡಿ, ಹೌದು, ಇಂಥವರೇ, ಅಂದುಕೊಂಡು ತಟ್ಟಿದ್ದೇನೆ.

ಫಿಲಿಪೀನ್ಸ್‌ನಲ್ಲಿ ಈ ಮಾತು ಇನ್ನೂ ಆಳಕ್ಕೆ ಇಳಿದಿದೆ. ನಮ್ಮಲ್ಲಿ ಅದು ಕತೆ, ಅವರಲ್ಲಿ ಅದು ದಿನಬಳಕೆಯ ಪದ. ಇಸಿಪ್ ತಲಾಂಕ ಅಂತಲೂ ಹೇಳುತ್ತಾರೆ, ಉತಾಕ್ ತಲಾಂಕ ಅಂತಲೂ ಹೇಳುತ್ತಾರೆ. ಏಡಿ ಯೋಚನೆ, ಏಡಿ ಮಿದುಳು. ಕ್ರ್ಯಾಬ್ ಮೆಂಟಾಲಿಟಿ ಅಂತ ಇಂಗ್ಲಿಷಿನಲ್ಲೂ ಸಲೀಸಾಗಿ ಹೇಳುತ್ತಾರೆ. ಅಕ್ಕಪಕ್ಕದ ಮನೆಯವರು ಮಾತು ಬಿಟ್ಟರೂ ಅದೇ, ಚುನಾವಣೆಯಲ್ಲಿ ಜಗಳವಾದರೂ ಅದೇ. ಸೌದಿಗೆ ಹೋಗಿ ದುಡಿದು ಬಂದವರು ಜೀಪ್ನಿ, ಅಂದರೆ ಜನರನ್ನು ಕೂರಿಸಿಕೊಂಡು ಓಡಾಡುವ ಅಲ್ಲಿನ ಜೀಪಿನಂಥ ಬಾಡಿಗೆ ಗಾಡಿ ಕೊಂಡು, ಅದರ ಮೇಲೆ "ಕತಾಸ್ ನಂಗ್ ಸೌದಿ", ಅಂದರೆ ಸೌದಿಯ ರಸ, ಅಂತ ಬರೆಸುತ್ತಿದ್ದರಂತೆ. ಮರಳುಗಾಡಿನಲ್ಲಿ ಹಿಂಡಿಸಿಕೊಂಡು ಬಂದ ಬೆವರಿನ ರಸ. ಅದನ್ನು ನೋಡಿ ಹೊಟ್ಟೆ ಉರಿದುಕೊಂಡವರಿಗೂ ಇದೇ ಹೆಸರು. ಇತಿಹಾಸಕ್ಕೂ ಇದನ್ನೇ ಅಂಟಿಸುತ್ತಾರೆ. ಸ್ಪೇನ್ ವಿರುದ್ಧ ದಂಗೆ ಎಬ್ಬಿಸಿದ ಆಂದ್ರೆಸ್ ಬೊನಿಫಾಸಿಯೊನನ್ನು 1897ರಲ್ಲಿ ಕೊಂದದ್ದು ಸ್ಪೇನಿನವರಲ್ಲ, ಅವನ ಜೊತೆಗಿದ್ದ ಕ್ರಾಂತಿಕಾರಿಗಳೇ. ಅಮೆರಿಕನ್ನರ ವಿರುದ್ಧ ಸೇನೆ ನಡೆಸಿದ ಆಂತೋನಿಯೊ ಲೂನಾ 1899ರಲ್ಲಿ ಕಬನಾತುವಾನ್ ಊರಿನಲ್ಲಿ ಸತ್ತದ್ದೂ ತನ್ನ ದೇಶದ ಸೈನಿಕರ ಕೈಯಲ್ಲಿ. ನೋಡಿದ್ರಾ, ಆಗಲೂ ನಾವು ಹೀಗೇ ಇದ್ದೆವು, ಅನ್ನುತ್ತಾರೆ.

ಹಾಗೆ ಹೇಳುವಾಗ ಬುಟ್ಟಿಯ ವಿಷಯ ಬಿಟ್ಟುಹೋಗುತ್ತದೆ. ಮುನ್ನೂರಕ್ಕೂ ಹೆಚ್ಚು ವರ್ಷ ಸ್ಪೇನ್ ಆ ದ್ವೀಪಗಳನ್ನು ಆಳಿತು. ಆಮೇಲೆ 1898ರಲ್ಲಿ ಅಮೆರಿಕ ಬಂತು. ನಡುವೆ ಜಪಾನಿನ ಮೂರು ವರ್ಷ. 1946ರವರೆಗೆ ಬಿಡುಗಡೆ ಇಲ್ಲ. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ದೊಡ್ಡ ಮೇಳಕ್ಕೆ ಸಾವಿರಕ್ಕೂ ಹೆಚ್ಚು ಫಿಲಿಪಿನೊಗಳನ್ನು ಕರೆದೊಯ್ದು, ಗುಡಿಸಲು ಕಟ್ಟಿಸಿ, ಜನ ಟಿಕೆಟ್ ತೆಗೆದುಕೊಂಡು ನೋಡುವ ಹಾಗೆ ಕೂರಿಸಿದರು. ಇಗೊರೋಟ್ ಗುಡ್ಡಗಾಡಿನವರನ್ನು ನೋಡಲಿಕ್ಕೆ ಜನ ಮುಗಿಬಿದ್ದರು. ಅಲ್ಲಿ ಕೂತವರ ಮಕ್ಕಳು ಮೊಮ್ಮಕ್ಕಳಿಗೆ, ನೀವು ಒಬ್ಬರನ್ನೊಬ್ಬರು ಎಳೆಯುವ ಜನ, ಅದು ನಿಮ್ಮ ರಕ್ತದಲ್ಲೇ ಇದೆ, ಅಂತ ಹೇಳಿದರೆ ಯಾರಿಗೆ ಲಾಭ? ಬುಟ್ಟಿ ಹೆಣೆದವರಿಗೆ ತಾನೇ.

ಐದು ಜನ, ಒಂದು ತಾಲೀಮು ಕೋಣೆ

ಎಸ್‌ಬಿ19 ಕತೆಯನ್ನು ಗೆಳತಿಯೇ ನನಗೆ ಹಂತಹಂತವಾಗಿ ಹೇಳಿದಳು. ಆಮೇಲೆ ನಾನೂ ಹುಡುಕಿ ಓದಿದೆ. ಕೊರಿಯನ್ ಕಂಪನಿಯೊಂದರ ಫಿಲಿಪೀನ್ಸ್ ಶಾಖೆ ಆರಿಸಿ ತರಬೇತಿ ಕೊಟ್ಟ ಹುಡುಗರು. 2018ರ ಅಕ್ಟೋಬರ್‌ನಲ್ಲಿ "ತಿಲಲುಹ" ಅನ್ನುವ ನಿಧಾನದ ಹಾಡಿನೊಂದಿಗೆ ಬಂದರು. ಯಾರೂ ತಿರುಗಿ ನೋಡಲಿಲ್ಲ. ಇದೊಂದು ಕೊನೆ ಪ್ರಯತ್ನ, ಆಗದಿದ್ದರೆ ಬಿಟ್ಟುಬಿಡೋಣ ಅಂತ 2019ರ ಜುಲೈನಲ್ಲಿ "ಗೋ ಅಪ್" ಬಿಟ್ಟರು. ಅದೂ ತಕ್ಷಣ ಎದ್ದು ನಿಲ್ಲಲಿಲ್ಲ. ಸೆಪ್ಟೆಂಬರ್‌ನಲ್ಲಿ ಒಬ್ಬ ಅಭಿಮಾನಿ ಅವರ ತಾಲೀಮಿನ ವೀಡಿಯೊ ಹಂಚಿಕೊಂಡಾಗ ಅದು ಊರೆಲ್ಲ ಹರಿದಾಡಿತು.

ಇದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಜನ ಹಿಡಿದುಕೊಂಡದ್ದು ದುಡ್ಡು ಸುರಿದು ಮಾಡಿದ ಮ್ಯೂಸಿಕ್ ವೀಡಿಯೊ ಅಲ್ಲ. ಸಾದಾ ತಾಲೀಮು ಕೋಣೆ. ಕ್ಯಾಮೆರಾ ಒಂದೇ ಜಾಗದಲ್ಲಿ ನಿಂತಿದೆ. ಸೆಟ್ ಇಲ್ಲ, ಮಿನುಗುವ ಬಟ್ಟೆ ಇಲ್ಲ. ಐದು ಜನರ ಕಾಲು ಒಟ್ಟಿಗೆ ಎದ್ದು ಒಟ್ಟಿಗೆ ಇಳಿಯುತ್ತದೆ. ಒಬ್ಬ ಮುಂದೆ ಬಂದರೆ ಉಳಿದ ನಾಲ್ವರು ಜಾಗ ಬಿಟ್ಟುಕೊಟ್ಟು ಹಿಂದೆ ಸರಿಯುತ್ತಾರೆ, ಮತ್ತೆ ಅವನು ಹಿಂದೆ ಹೋಗಿ ಇನ್ನೊಬ್ಬನಿಗೆ ದಾರಿ ಮಾಡುತ್ತಾನೆ. ಗುಂಪು ಕುಣಿತ ಅಂದರೆ ಇದೇ ಅಲ್ವಾ? ಆದರೆ ಏಡಿ ಬುದ್ಧಿಯ ಮಾತು ತಲೆಯಲ್ಲಿ ಇಟ್ಟುಕೊಂಡು ನೋಡಿದಾಗ ನನ್ನ ಕಣ್ಣಿಗೆ ಬೇರೆ ಏನೂ ಕಾಣಲಿಲ್ಲ. ಐದು ಏಡಿಗಳು ಒಂದನ್ನೊಂದು ಎತ್ತಿ ಎತ್ತಿ ಮುಂದಕ್ಕೆ ಕಳಿಸುತ್ತಿದ್ದವು.

2021ರಲ್ಲಿ ಅವರ ಹೆಸರು ಅಮೆರಿಕದ ಬಿಲ್‌ಬೋರ್ಡ್ ಸಂಗೀತ ಪ್ರಶಸ್ತಿಯ ಪಟ್ಟಿಯಲ್ಲಿ ಬಿಟಿಎಸ್, ಬ್ಲ್ಯಾಕ್‌ಪಿಂಕ್ ಅನ್ನುವ ಕೊರಿಯಾದ ದೊಡ್ಡ ತಂಡಗಳ ಜೊತೆ ಬಂತು. ಫಿಲಿಪೀನ್ಸ್‌ನಿಂದ ಅಲ್ಲಿಯವರೆಗೆ ಹೋದ ಮೊದಲ ತಂಡ. ಗೆಳತಿ ಹೇಳುವ ಪ್ರಕಾರ, ಹಿಂದೆ ನಕಲು ಅಂತ ಬೈದವರೇ ಆಮೇಲೆ ಫಿಲಿಪಿನೊ ಆಗಿ ಹುಟ್ಟಿದ್ದಕ್ಕೆ ಹೆಮ್ಮೆ ಅಂತ ಬರೆಯತೊಡಗಿದರು. ಹೊರಗಿನವರು ಚಪ್ಪಾಳೆ ಹೊಡೆದ ಮೇಲೆ ನಾವು ಹೊಡೆಯುವುದು. ಈ ರೋಗ ನಮಗೂ ಇದೆ. ಬೇರೆ ಭಾಷೆಯವರು ನಮ್ಮ ಸಿನಿಮಾ ನೋಡಿ ಹೊಗಳುವ ತನಕ ಕಾದು ಆಮೇಲೆ ಟಿಕೆಟ್ ತೆಗೆದುಕೊಂಡವರಲ್ಲಿ ನಾನೂ ಇದ್ದೇನೆ. ಇದನ್ನು ಹೊಟ್ಟೆಕಿಚ್ಚು ಅನ್ನಲಿಕ್ಕೆ ನನಗೆ ಮನಸ್ಸಿಲ್ಲ. ನಮ್ಮದು ಅಂದಕೂಡಲೇ ಕಡಿಮೆ ಅಂತ ಯಾರೋ ಯಾವತ್ತೋ ಕಲಿಸಿದ್ದಾರೆ. ಆ ಪಾಠ ಇನ್ನೂ ಬಿಟ್ಟುಹೋಗಿಲ್ಲ.

ಆ ತಂಡದ 2023ರ ಹಾಡು "ಗೆಂತೊ". ಗನಿತೊ ಅಂದರೆ ಅವರ ತಗಾಲೋಗ್ ಭಾಷೆಯಲ್ಲಿ ಹೀಗೆ. ಗಿಂತೊ ಅಂದರೆ ಚಿನ್ನ. ಎರಡನ್ನೂ ಬೆಸೆದು ಒಂದು ಪದ ಮಾಡಿದ್ದಾರೆ. ಚಿನ್ನ ಸಿಗುವುದು ಹೀಗೆ, ಅಗೆದು, ಕಾಯಿಸಿ, ಕರಗಿಸಿ ಅನ್ನುವ ಹಾಡು. ಎಳೆದು ಹಾಕುವವರಿಗೆ ತಿರುಗಿ ಬೈಯುವ ಬದಲು ತಮ್ಮ ಕುಲುಮೆ ತೋರಿಸಿದ್ದಾರೆ. ನನಗೆ ಆ ಗುಣ ಹಿಡಿಸಿತು.

ಅಜ್ಜನ ಬುಟ್ಟಿ

ನಾನು ಕುಂದಾಪುರದ ಕಡೆಯವಳು. ಏಡಿ ನನಗೆ ಕತೆಯಲ್ಲಿ ಬರುವ ಪ್ರಾಣಿ ಅಲ್ಲ. ಮಳೆಗಾಲದಲ್ಲಿ ಗದ್ದೆಯ ಅಂಚಿನಲ್ಲಿ ಓಡಾಡುತ್ತಿತ್ತು. ಹೊಳೆ ಸಮುದ್ರ ಸೇರುವಲ್ಲಿ, ಕಾಂಡ್ಲಾ ಗಿಡಗಳ ಬುಡದ ಕೆಸರಿನಲ್ಲಿ ದೊಡ್ಡದು ಸಿಗುತ್ತಿತ್ತು. ಅಜ್ಜ ಬೆಳಗಿನ ಜಾವ ಹೋಗಿ ತರುತ್ತಿದ್ದರು. ಒಂದು ಸಲ ಸಣ್ಣ ಏಡಿಗಳು ಸುಮಾರು ಸಿಕ್ಕಿದ್ದವು. ಬುಟ್ಟಿಯನ್ನು ಬಚ್ಚಲ ಹತ್ತಿರ ಇಟ್ಟು, "ಕಾಯ್ತಾ ಇರು" ಅಂತ ಹೇಳಿ ಚಾ ಕುಡಿಯಲಿಕ್ಕೆ ಹೋದರು. ನನಗಾಗ ಎಂಟೋ ಒಂಬತ್ತೋ ವರ್ಷ. ಕುಕ್ಕುರುಗಾಲಿನಲ್ಲಿ ಕೂತು ನೋಡಿದೆ.

ಒಂದು ಏಡಿ ಬುಟ್ಟಿಯ ಹೆಣಿಗೆಗೆ ಕಾಲು ಸಿಕ್ಕಿಸಿ ಮೇಲೆ ಹತ್ತಿತು. ಕೆಳಗಿದ್ದದ್ದು ಅದರ ಹಿಂಗಾಲು ಹಿಡಿಯಿತು. ಎರಡೂ ಬಿದ್ದವು. ಮತ್ತೆ ಹಾಗೇ. ಕತೆಯಲ್ಲಿ ಬರುವ ಹಾಗೇ ಆಯಿತು, ಸರಿ. ಆದರೆ ಕೆಳಗಿದ್ದ ಏಡಿ ಎಳೆಯುತ್ತಿರಲಿಲ್ಲ. ಅದೂ ಹತ್ತುತ್ತಿತ್ತು. ನುಣ್ಣಗೆ ಒದ್ದೆಯಾದ ಬಿದಿರು, ಕೈಗೆ ಹಿಡಿತ ಸಿಗುವುದಿಲ್ಲ. ಮೇಲಿದ್ದದ್ದರ ಕಾಲು ಸಿಕ್ಕಿತು, ಹಿಡಿಯಿತು. ಬಂಡೆಯ ಮೇಲೆ ಅಲೆ ಬಂದಾಗ ಏಡಿ ಸಿಕ್ಕಿದ್ದನ್ನು ಗಟ್ಟಿ ಹಿಡಿದುಕೊಳ್ಳುತ್ತದೆ. ಬದುಕಿ ಉಳಿದಿರುವುದೇ ಹಾಗೆ. ಅಜ್ಜ ಬಂದು ಬುಟ್ಟಿಗೆ ಒಂದು ಹಿಡಿ ಹಸಿ ಸೊಪ್ಪು ಹಾಕಿದರು. ಏಡಿಗಳು ಸೊಪ್ಪಿನ ಕಡ್ಡಿ ಹಿಡಿದುಕೊಂಡು ತಣ್ಣಗೆ ಕೂತವು. ಒಂದನ್ನೊಂದು ಹಿಡಿಯುವುದು ನಿಂತೇ ಹೋಯಿತು.

ಆಸ್ಟ್ರೇಲಿಯಾದಲ್ಲಿ ಒಂದು ಕೈ ಮಾತ್ರ ದೊಡ್ಡದಾಗಿರುವ ಪುಟ್ಟ ಫಿಡ್ಲರ್ ಏಡಿಗಳ ಮೇಲೆ ನಡೆಸಿದ ಅಧ್ಯಯನ 2004ರಲ್ಲಿ ಪ್ರಕಟವಾಗಿತ್ತು. ಪಕ್ಕದ ಬಿಲದ ಸಣ್ಣ ಏಡಿಯ ಮೇಲೆ ಹೊರಗಿನದೊಂದು ಏರಿ ಬಂದರೆ, ದೊಡ್ಡ ಏಡಿ ತನ್ನ ಬಿಲ ಬಿಟ್ಟು ಹೋಗಿ ನೆರೆಯವನ ಪರವಾಗಿ ಕಾದಾಡುತ್ತದಂತೆ. ಗೊತ್ತಿರುವ ಸಣ್ಣ ನೆರೆಯವನು ಗೊತ್ತಿಲ್ಲದ ದೊಡ್ಡವನಿಗಿಂತ ವಾಸಿ ಅನ್ನುವ ಲೆಕ್ಕ. ಇರಲಿ, ಲೆಕ್ಕವೇ ಆದರೂ ಹೋಗಿ ನಿಲ್ಲುತ್ತದಲ್ಲ. ಮರಳಿನ ಮೇಲೆ ನೆರೆಹೊರೆ ಕಾಯುವ ಪ್ರಾಣಿಯನ್ನು ಬುಟ್ಟಿಗೆ ಹಾಕಿ, ನೋಡು ಇದರ ಬುದ್ಧಿ, ಅಂತ ನಾವು ತೀರ್ಪು ಕೊಟ್ಟುಬಿಟ್ಟಿದ್ದೇವೆ.

ದೊಡ್ಡ ಏಡಿಯ ವಿಷಯ ಬೇರೆ. ಅದನ್ನು ಅಜ್ಜ ಬುಟ್ಟಿಗೆ ಸುಮ್ನೆ ಹಾಕುತ್ತಿರಲಿಲ್ಲ. ಹಿಂದಿನಿಂದ ಮೆಟ್ಟಿ ಹಿಡಿದು, ಎರಡೂ ಕೊಂಬುಗಳನ್ನು, ಅಂದರೆ ಇಕ್ಕಳದಂಥ ಕೈಗಳನ್ನು, ಬಾಳೆ ನಾರಿನಿಂದ ಬಿಗಿಯಾಗಿ ಕಟ್ಟುತ್ತಿದ್ದರು. ಅವರ ಬಲಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಬಿಳಿ ಗೆರೆ ಇತ್ತು. ಹಳೆಯ ಕಡಿತದ ಗುರುತು. ಅದನ್ನು ತೋರಿಸುವಾಗ ಅವರ ದನಿಯಲ್ಲಿ ಏಡಿಯ ಮೇಲೆ ಸಿಟ್ಟು ಇರಲಿಲ್ಲ. ಒಂದು ಥರ ಗೌರವ ಇತ್ತು.

ಅಲಿಮಾಂಗೊ

ಫಿಲಿಪೀನ್ಸ್‌ನಲ್ಲೂ ಎರಡು ಏಡಿ ಇವೆ. ಅಷ್ಟೇ ಅಲ್ಲ, ಎರಡಕ್ಕೂ ಬೇರೆ ಬೇರೆ ಹೆಸರು. ತಲಾಂಕ ಅಂದರೆ ಅಂಗೈಯಲ್ಲಿ ನಾಲ್ಕೈದು ಕೂರುವ ಸಣ್ಣ ಏಡಿ. ಅಲಿಮಾಂಗೊ ಅಂದರೆ ದೊಡ್ಡ ಕೆಸರೇಡಿ, ನಮ್ಮ ಅಳಿವೆಗಳಲ್ಲಿ ಸಿಗುವ ಜಾತಿಯದೇ. ಬೈಗುಳಕ್ಕೆ ಆರಿಸಿಕೊಂಡದ್ದು ಸಣ್ಣದನ್ನು. ಹಾಡಿಗೆ ಆರಿಸಿಕೊಂಡದ್ದು ದೊಡ್ಡದನ್ನು. ಅಲ್ಲಿನ ಮಕ್ಕಳೆಲ್ಲ ಹಾಡುವ ಒಂದು ಜನಪದ ಹಾಡಿದೆ, "ತೊಂಗ್ ತೊಂಗ್ ತೊಂಗ್ ತೊಂಗ್ ಪಕಿತೊಂಗ್ ಕಿತೊಂಗ್" ಅಂತ ಶುರುವಾಗುತ್ತದೆ. ಸಮುದ್ರದ ಅಲಿಮಾಂಗೊ, ದೊಡ್ಡದು, ರುಚಿಯಾದದ್ದು, ಹಿಡಿಯುವುದು ಕಷ್ಟ, ಯಾಕೆಂದರೆ ಕಚ್ಚುತ್ತದೆ. ಇಷ್ಟೇ ಹಾಡು. ಗೆಳತಿ ಇದನ್ನು ಊಟದ ಕೋಣೆಯಲ್ಲಿ ಬೆರಳು ಆಡಿಸುತ್ತಾ ಹಾಡಿ ತೋರಿಸಿದಾಗ ನನಗೆ ಮೈ ಜುಂ ಅಂತು. ಒಂದೇ ಜನ, ಒಂದೇ ಭಾಷೆ. ದೊಡ್ಡವರಾದ ಮೇಲೆ ತಮ್ಮನ್ನು ಎಳೆದು ಬೀಳಿಸುವ ಏಡಿ ಅಂದುಕೊಳ್ಳುತ್ತಾರೆ. ಮಕ್ಕಳಾಗಿದ್ದಾಗ ಹಾಡಿದ್ದು ಕೈಗೆ ಸಿಗದ ಏಡಿಯ ಬಗ್ಗೆ.

ಅಲಾಮತ್ ಅನ್ನುವ ಇನ್ನೊಂದು ತಂಡ ಇದೆ. ಹೆಸರಿನ ಅರ್ಥವೇ ದಂತಕತೆ. 2021ರಲ್ಲಿ ಬಂದವರು. ಮೊದಲ ಹಾಡಿನಲ್ಲೇ ತಮ್ಮ ದೇಶದ ಏಳು ಭಾಷೆಗಳನ್ನು ಸೇರಿಸಿದರು. ಅದೇ ವರ್ಷದ ಇನ್ನೊಂದು ಹಾಡಿನ ಹೆಸರು "ಕಸ್ಮಲ". ಕನ್ನಡದ ಕಿವಿಗೆ ಇದು ಕಶ್ಮಲ ಅಂತಲೇ ಕೇಳಿಸುತ್ತದೆ, ಕೊಳೆ, ಹೊಲಸು. ನಾನೂ ಮೊದಲು ಬೆಚ್ಚಿಬಿದ್ದೆ. ನಿಜವಾಗಿ ಅದು ಮಲಕಾಸ್ ಅನ್ನುವ ಪದವನ್ನು ತಿರುಗಿಸಿ ಮಾಡಿದ್ದು. ಮಲಕಾಸ್ ಅಂದರೆ ಬಲಶಾಲಿ. ಹೀಗೆ ಪದಗಳನ್ನು ಉಲ್ಟಾ ಮಾಡುವುದು ಅಲ್ಲಿನ ಹುಡುಗರ ಹಳೆ ಅಭ್ಯಾಸ, ಐಡಲ್ ಅನ್ನುವುದನ್ನು ಲೋಡಿ ಮಾಡಿದ್ದಾರೆ. ಹಾಡು ಫಿಲಿಪಿನೊಗಳು ಉಂಡ ಅವಮಾನದ ಬಗ್ಗೆ, ತಾರತಮ್ಯದ ಬಗ್ಗೆ. ಅದನ್ನು ಕೇಳುವಾಗೆಲ್ಲ ನನಗೆ ಆ ಮಕ್ಕಳ ಹಾಡಿನ ಅಲಿಮಾಂಗೊ ನೆನಪಾಗುತ್ತದೆ. ಅವಮಾನವನ್ನು ಇಟ್ಟುಕೊಂಡು ಅಳುತ್ತಾ ಕೂರುವ ಹಾಡಲ್ಲ ಅದು. ಕೊಂಬು ಎತ್ತಿ ನಿಂತ ಹಾಡು.

ಯಾರು ಯಾರನ್ನು ಏಡಿ ಅನ್ನುತ್ತಾರೆ

ಒಂದು ವಿಷಯ ಹೇಳದಿದ್ದರೆ ಈ ಬರಹ ಸುಳ್ಳಾಗುತ್ತದೆ. ಎಳೆಯುವುದು ಇದ್ದೇ ಇದೆ. 2025ರಲ್ಲಿ ಬಿನಿ ಅನ್ನುವ ಎಂಟು ಹುಡುಗಿಯರ ತಂಡ ಒಂದು ಯೂಟ್ಯೂಬ್ ಕಾರ್ಯಕ್ರಮದಲ್ಲಿ ತಮ್ಮ ದೇಶದ ಕುರುಕಲು ತಿಂಡಿಗಳನ್ನು ತಿಂದು ನೋಡಿತು. ಕೆಲವು ತಿಂಡಿಗೆ ಮುಖ ಕಿವಿಚಿದರು, ಅಷ್ಟೇ. ಇವರಿಗೆ ನಮ್ಮ ತಿಂಡಿ ಕೀಳಾಯಿತಾ, ಧಿಮಾಕು, ಅಂತ ಊರೆಲ್ಲ ಹರಿಹಾಯ್ದಿತು. ಬದುಕು ಓಟದ ಪಂದ್ಯ ಅಲ್ಲ, ನಿಧಾನ ಮಾಡು ಅಂತ ಹೇಳುವ "ಕರೇರ" ಹಾಡಿದ ಅದೇ ಹುಡುಗಿಯರು. ಆ ಬೈಗುಳಗಳಲ್ಲಿ ಒಂದಷ್ಟು ನಿಜಕ್ಕೂ ಹೊಟ್ಟೆಕಿಚ್ಚು. ಅದನ್ನು ಬೇರೆ ಹೆಸರಿನಿಂದ ಕರೆಯಲಿಕ್ಕೆ ಆಗುವುದಿಲ್ಲ.

ಹಾಗಂತ ಹಾಡು ಚೆನ್ನಾಗಿಲ್ಲ ಅಂದವರೆಲ್ಲ ಏಡಿಗಳಾ? ಕೆಲವು ಅಭಿಮಾನಿಗಳು ಯಾರು ಏನು ಹೇಳಿದರೂ ಏಡಿ ಏಡಿ ಅಂತ ಮುಗಿಬೀಳುತ್ತಾರೆ. ಇದು ಹಾಡಿಗಷ್ಟೇ ಆದರೆ ಪರವಾಗಿಲ್ಲ. ಕೂಲಿ ಜಾಸ್ತಿ ಕೇಳಿದವರಿಗೂ ಇದೇ ಪದ ಬಳಸಬಹುದು, ದೊಡ್ಡವರ ಲೆಕ್ಕ ಕೇಳಿದವರಿಗೂ ಬಳಸಬಹುದು. ಮೇಲಿರುವವರಿಗೆ ಇದಕ್ಕಿಂತ ಅನುಕೂಲದ ಬೈಗುಳ ಇಲ್ಲ.

ಇದು ನನಗೆ ಗೊತ್ತಾದದ್ದು ಹಿಂದೆ ನಾನಿದ್ದ ಇನ್ನೊಂದು ಕೆಲಸದಲ್ಲಿ. ನಾವು ಹನ್ನೆರಡು ಜನ ಇದ್ದೆವು. ಪಾಳಿಯ ಮೇಲ್ವಿಚಾರಕರ ಹುದ್ದೆ ಒಂದೇ ಒಂದು ಖಾಲಿಯಾಯಿತು. ಅದಕ್ಕೂ ಮುಂಚೆ ಮೂರು ವರ್ಷ ಯಾರ ಸಂಬಳವೂ ಏರಿರಲಿಲ್ಲ. ಆ ಹುದ್ದೆ ಫಿಲಿಪೀನ್ಸ್‌ನ ಸೆಬುವಿನ ಒಬ್ಬ ಹುಡುಗಿಗೆ ಸಿಕ್ಕಿತು. ಒಳ್ಳೆಯ ಕೆಲಸಗಾರ್ತಿ. ಮರುದಿನದಿಂದ ಅವಳು ಊಟಕ್ಕೆ ಬಂದರೆ ಮಾತು ನಿಲ್ಲುತ್ತಿತ್ತು. ಮೇಲಿನವರ ಜೊತೆ ನಕ್ಕು ಮಾತಾಡುತ್ತಾಳೆ, ಅದಕ್ಕೇ ಸಿಕ್ಕಿತು, ಅಂತ ಒಬ್ಬರು ಅಂದರು. ನಾನು ಏನೂ ಅನ್ನಲಿಲ್ಲ. ಆದರೆ ಎದ್ದೂ ಹೋಗಲಿಲ್ಲ. ಕೂತು ಕೇಳಿದೆ, ಮತ್ತು ಕೇಳುವಾಗ ಒಳಗೆ ಸ್ವಲ್ಪ ಸಮಾಧಾನವೂ ಆಯಿತು. ಆ ಸಮಾಧಾನ ಈಗಲೂ ನನ್ನನ್ನು ಚುಚ್ಚುತ್ತದೆ. ಕೆಲವು ವಾರದ ನಂತರ ಮ್ಯಾನೇಜರ್ ನಮ್ಮನ್ನೆಲ್ಲ ನಿಲ್ಲಿಸಿ, ನೀವೆಲ್ಲ ಏಡಿಗಳ ಥರ ಆಡುತ್ತಿದ್ದೀರಿ ಅಂದರು. ಎಲ್ಲರೂ ತಲೆ ತಗ್ಗಿಸಿದೆವು. ಹನ್ನೆರಡು ಜನರಿಗೆ ಮೂರು ವರ್ಷದಲ್ಲಿ ಮೇಲೆ ಹೋಗಲಿಕ್ಕೆ ಒಂದೇ ಒಂದು ಕಡ್ಡಿ ಯಾಕೆ ಇಟ್ಟಿರಿ ಅಂತ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಅಜ್ಜ ಹಾಕಿದ ಒಂದು ಹಿಡಿ ಸೊಪ್ಪು ನನಗೆ ಆಗ ನೆನಪಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ನೆನಪಾಯಿತು. ಅಷ್ಟರಲ್ಲಿ ಆ ಹುಡುಗಿ ಕೆಲಸ ಬಿಟ್ಟು ಊರಿಗೆ ಹೋಗಿದ್ದಳು.

ಕಳೆದ ತಿಂಗಳು ಪಂಪಾಂಗದ ಗೆಳತಿ ರಜೆ ಮುಗಿಸಿ ಬಂದಳು. ನಮ್ಮ ಮನೆಗೆ ಊಟಕ್ಕೆ ಕರೆದಿದ್ದೆ. ಒಂದು ಚಿಕ್ಕ ಗಾಜಿನ ಬಾಟಲಿ ತಂದಿದ್ದಳು. ಒಳಗೆ ಕಿತ್ತಳೆ ಬಣ್ಣದ, ಎಣ್ಣೆ ತೇಲುವ ಮುದ್ದೆ. ತಬಾ ನಂಗ್ ತಲಾಂಕ, ಆ ಸಣ್ಣ ಏಡಿಗಳ ಕೊಬ್ಬನ್ನು ಹಿಂಡಿ ತೆಗೆದು ಬೆಳ್ಳುಳ್ಳಿ ಹಾಕಿ ಹುರಿದದ್ದು. ಅವಳ ಅಮ್ಮ ಮನೆಯಲ್ಲೇ ಮಾಡಿದ್ದಂತೆ. ಬಿಸಿ ಅನ್ನದ ಮೇಲೆ ಒಂದು ಚಮಚ ಹಾಕಿ ನಿಂಬೆ ಹಿಂಡಿದಳು. ಬಾಯಿಗೆ ಇಟ್ಟರೆ ಇಡೀ ಅಳಿವೆಯೇ ನಾಲಿಗೆ ಮೇಲೆ ಬಂದ ಹಾಗಾಯಿತು. ಇಷ್ಟು ಸಣ್ಣ ಬಾಟಲಿಗೆ ಎಷ್ಟು ಏಡಿ ಬೇಕು ಅಂತ ಕೇಳಿದೆ. ಅಮ್ಮ ಒಂದೊಂದನ್ನೇ ಬಿಡಿಸುತ್ತಾ ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತಿರುತ್ತಾಳೆ, ಲೆಕ್ಕ ಯಾರು ಇಡುತ್ತಾರೆ, ಅಂದಳು.

ಊಟ ಆದ ಮೇಲೆ ನನ್ನ ನಾಲ್ಕು ವರ್ಷದ ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ತೊಂಗ್ ತೊಂಗ್ ಹಾಡು ಹೇಳಿಕೊಟ್ಟಳು. ಮಗಳು ಎರಡು ಬೆರಳನ್ನು ಕೊಂಬು ಮಾಡಿಕೊಂಡು ಮನೆಯೆಲ್ಲ ಅಡ್ಡಡ್ಡ ಓಡಿದಳು. ಸೋಫಾದ ಹಿಂದೆ ಅಡಗಿದವಳನ್ನು ಹಿಡಿಯಲಿಕ್ಕೆ ನಾನು ಕೈ ಹಾಕಿದೆ. ಹೆಬ್ಬೆರಳಿನ ಬುಡ ಹಿಡಿದು, ಕಣ್ಣಲ್ಲಿ ನೀರು ಬರುವ ಹಾಗೆ ಚಿವುಟಿದಳು.